ಕರಾರಿನ ಬೆಲೆಯೂ ರೈತನ ಲೆಕ್ಕವೂ

ಮುಧೋಳ ತಾಲೂಕಿನ ರನ್ನ ಬೆಳಗಲಿಯ ಹೆಸರು ಕಿವಿಗೆ ಬಿದ್ದೊಡನೆ ಕನ್ನಡಿಗನ ಮನಸ್ಸು ಸಾವಿರ ವರುಷ ಹಿಂದಕ್ಕೆ ಹೋಗುವುದು ಸಹಜವು. 949ರಲ್ಲಿ ಬಳೆಗಾರರ ಮನೆತನದಲ್ಲಿ ಹುಟ್ಟಿ, ಚಾಲುಕ್ಯ ತೈಲಪನ ಆಸ್ಥಾನದಲ್ಲಿ ಕವಿಚಕ್ರವರ್ತಿಯೆನಿಸಿದ ರನ್ನನು ಈ ಊರಿನವನು. ತನ್ನ ಕೃತಿರತ್ನಕ್ಕೆ ಬೆಲೆ ಕಟ್ಟಲು ಹೊರಟವನ ಎದೆಗಾರಿಕೆ ಎಷ್ಟೆಂದು ಕೇಳಿದ ಅಭಿಮಾನಿ ಕವಿ ಅವನು. ನಾವು ಇಂದು ವಾಚಕರ ಮುಂದಿಡುವ ವಿಷಯವೂ ಬೆಲೆ ಕಟ್ಟುವುದಕ್ಕೆ ಸಂಬಂಧಿಸಿದುದೇ. ಆದರೆ ಇಲ್ಲಿ ಬೆಲೆ ಕಟ್ಟಬೇಕಾದದ್ದು ರತ್ನಕ್ಕಲ್ಲ, ಬರಿಯ ಒಂದು ಮಾತಿಗೆ. ನಾಳೆ ಇಂತಿಷ್ಟು ದರಕ್ಕೆ ಕೊಳ್ಳುವೆನೆಂದು ಅಥವಾ ಮಾರುವೆನೆಂದು ಒಬ್ಬನು ಇನ್ನೊಬ್ಬನಿಗೆ ಇಂದು ಕೊಡುವ ಮಾತಿಗೆ ಬೆಲೆಯುಂಟೆ? ಉಂಟಾದರೆ ಅದನ್ನು ಎಣಿಸುವ ಬಗೆ ಯಾವುದು? ಈ ಪ್ರಶ್ನೆಯು ಮುಂಬಯಿಯ ಶೇರು ದಲಾಲರಿಗೆ ಮಾತ್ರ ಸೇರಿದ್ದೆಂದು ಘಟಪ್ರಭೆಯ ದಂಡೆಯ ಒಕ್ಕಲಿಗನು ತಿಳಿದಿದ್ದರೆ, ಅದು ತಪ್ಪು ತಿಳಿವಳಿಕೆಯೆಂದು ತೋರಿಸುವುದೇ ಈ ಲೇಖನದ ಉದ್ದೇಶವು.

ಇಂಥ ಮಾತಿಗೆ ಪೇಟೆಯ ಭಾಷೆಯಲ್ಲಿ ಆಪ್ಶನ್ ಎಂದು ಹೆಸರು. ಗೊತ್ತಾದ ಮುದ್ದತಿನೊಳಗೆ ಗೊತ್ತಾದ ದರಕ್ಕೆ ಕೊಳ್ಳುವ ಹಕ್ಕನ್ನು ಕಾಲ್ ಎಂದೂ, ಮಾರುವ ಹಕ್ಕನ್ನು ಪುಟ್ ಎಂದೂ ಕರೆಯುತ್ತಾರೆ. ಹಕ್ಕನ್ನು ಪಡೆದವನಿಗೆ ಅದನ್ನು ಚಲಾಯಿಸಬೇಕೆಂಬ ಕಟ್ಟುಪಾಡಿಲ್ಲ. ಲಾಭವಿದ್ದರೆ ಚಲಾಯಿಸುತ್ತಾನೆ, ಇಲ್ಲವಾದರೆ ಬಿಡುತ್ತಾನೆ. ಹಕ್ಕನ್ನು ಕೊಟ್ಟವನಾದರೋ ಕೇಳಿದಾಗ ಮಾತು ನಡೆಯಿಸಲೇಬೇಕು. ಒಬ್ಬನಿಗೆ ಸ್ವಾತಂತ್ರ್ಯ, ಇನ್ನೊಬ್ಬನಿಗೆ ಬಂಧನ. ಈ ಅಸಮಾನತೆಗೆ ತೆರುವ ಹಣವೇ ಪ್ರೀಮಿಯಂ. ಅದು ನ್ಯಾಯವಾಗಿ ಎಷ್ಟಿರಬೇಕೆಂಬುದೇ ಪ್ರಶ್ನೆ.

ನಷ್ಟದ ಅಂಕಿಗಳು

ಈ ಪ್ರಶ್ನೆಯನ್ನು ಕೇಳದೆ ವ್ಯವಹಾರಕ್ಕಿಳಿದುದರ ಫಲವೇನೆಂಬುದನ್ನು ನಮ್ಮ ದೇಶವು ಈಗಾಗಲೆ ಕಂಡಿದೆ. ಶೇರು ಪೇಟೆಯ ಮೇಲ್ವಿಚಾರಣೆ ಮಾಡುವ ಸೆಬಿ ಸಂಸ್ಥೆಯು ಸೆಪ್ಟೆಂಬರ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಮೇರೆಗೆ, 2021-22ರಿಂದ 2023-24ರ ವರೆಗಿನ ಮೂರು ಆರ್ಥಿಕ ವರುಷಗಳಲ್ಲಿ ಶೇರು ಪೇಟೆಯ ವಾಯಿದೆ ಮತ್ತು ಆಪ್ಶನ್ ವ್ಯವಹಾರ ಮಾಡಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ ಹಣ ಕಳೆದುಕೊಂಡರು. ಅವರೆಲ್ಲರ ಒಟ್ಟು ನಷ್ಟವು 1 ಲಕ್ಷ 80 ಸಾವಿರ ಕೋಟಿ ರೂಪಾಯಿಗಳಿಗೂ ಮಿಕ್ಕಿತ್ತು. 2024-25ರಲ್ಲಿಯೂ ನೂರಕ್ಕೆ 91 ಮಂದಿ ನಷ್ಟವನ್ನೇ ಕಂಡು, ಆ ಒಂದೇ ವರುಷದಲ್ಲಿ 1 ಲಕ್ಷ 5 ಸಾವಿರ ಕೋಟಿಗೂ ಮೇಲ್ಪಟ್ಟು ಕಳೆದರು. ಇವರು ಯಾರು? 2023-24ರಲ್ಲಿ ಈ ವ್ಯವಹಾರಕ್ಕಿಳಿದವರಲ್ಲಿ ನೂರಕ್ಕೆ 43 ಮಂದಿ ಮೂವತ್ತು ವರುಷಕ್ಕಿಂತ ಕಿರಿಯರು. ನೂರಕ್ಕೆ 72ಕ್ಕೂ ಹೆಚ್ಚು ಮಂದಿ ಮೂವತ್ತು ಮಹಾನಗರಗಳ ಹೊರಗಿನವರು. ಇದು ಮುಂಬಯಿ ಬೆಂಗಳೂರುಗಳ ಸಂಕಟ ಮಾತ್ರವೆಂದು ಕೈ ತೊಳೆದುಕೊಳ್ಳುವಂತಿಲ್ಲ. ಕಬ್ಬಿನ ಬಿಲ್ಲು ಕೈಗೆ ಬಂದ ವಾರವೇ ಮಗನ ಕೈಯೊಳಗಿನ ಮೊಬಾಯಿಲಿನ ಮೂಲಕ ಅದು ಕರಗಬಲ್ಲದೆಂಬ ಎಚ್ಚರವು ಪ್ರತಿಯೊಬ್ಬ ತಂದೆಗೂ ಇರಬೇಕಾದ ಕಾಲ ಬಂದಿದೆ.

ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ. ನಮಗೆ ಅದೇ ಮುಖ್ಯವೆಂದು ತೋರುತ್ತದೆ. ಆ ವರುಷ ಪರದೇಶದ ಹೂಡಿಕೆದಾರರು ಗಳಿಸಿದ ಲಾಭದಲ್ಲಿ ನೂರಕ್ಕೆ 97 ಭಾಗವೂ, ಸ್ವಂತ ಬಂಡವಾಳದಿಂದ ವ್ಯವಹರಿಸುವ ದೊಡ್ಡ ಸಂಸ್ಥೆಗಳ ಲಾಭದಲ್ಲಿ ನೂರಕ್ಕೆ 96 ಭಾಗವೂ ಗಣಕಯಂತ್ರಗಳು ಲೆಕ್ಕ ಹಾಕಿ ನಡೆಸುವ ವ್ಯವಹಾರದಿಂದ ಬಂದುವು. ಅಂದರೆ ಒಂದು ಕಡೆಗೆ ಲೆಕ್ಕ, ಇನ್ನೊಂದು ಕಡೆಗೆ ಊಹೆ. ತಕ್ಕಡಿಯನ್ನೇ ಬಲ್ಲದವನು ತೂಕದ ವ್ಯಾಪಾರಕ್ಕೆ ಕುಳಿತರೆ ಆಗತಕ್ಕದ್ದು ಆಗಿದೆ. ಆ ಲೆಕ್ಕವು ಏನು, ಅದು ನಮ್ಮವರಿಗೆ ಎಟುಕದ ಮಾಯಾವಿದ್ಯೆಯೆ, ಎಂಬುದನ್ನು ಈಗ ನೋಡುವ.

ತೇಜಿ–ಮಂದಿಯ ಹಳೆಯ ಕಥೆ

ಆಪ್ಶನ್ ಪರದೇಶದಿಂದ ಬಂದ ಹೊಸ ಸರಕೆಂದು ಭಾವಿಸಬೇಕಾಗಿಲ್ಲ. ಏರುವ ದರದ ಮೇಲೆ ತೇಜಿ, ಇಳಿಯುವ ದರದ ಮೇಲೆ ಮಂದಿ ಎಂಬ ಹೆಸರಿನಿಂದ ನಮ್ಮ ದೇಶದ ಹತ್ತಿಯ ಪೇಟೆಗಳಲ್ಲಿಯೂ ಸರಾಫ ಕಟ್ಟೆಗಳಲ್ಲಿಯೂ ಇದು ಬಹು ಕಾಲದಿಂದ ನಡೆದಿತ್ತು. ತೇಜಿಯೇ ಇಂದಿನ ಕಾಲ್. ಮಂದಿಯೇ ಇಂದಿನ ಪುಟ್. ಸಟ್ಟೆಯ ಹಾವಳಿಯನ್ನು ಕಂಡ ಸರಕಾರಗಳು ಒಂದರ ಹಿಂದೊಂದು ಬೀಗ ಹಾಕಿದುವು. 1939ರಲ್ಲಿ ಹತ್ತಿಯ ಆಪ್ಶನ್‌ಗಳನ್ನು ನಿಷೇಧಿಸುವ ಕಾಯದೆಯು ಮುಂಬಯಿ ಪ್ರಾಂತದಲ್ಲಿ ಆಯಿತು. 1952ರ ವಾಯಿದೆ ಕರಾರುಗಳ ಕಾಯದೆಯು ಎಲ್ಲ ಸರಕುಗಳ ಮೇಲಿನ ಆಪ್ಶನ್‌ಗಳನ್ನೂ, 1956ರ ಕಾಯದೆಯು ಶೇರುಗಳ ಮೇಲಿನವುಗಳನ್ನೂ ದೇಶಾದ್ಯಂತ ನಿಲ್ಲಿಸಿದುವು. ಬೀಗ ತೆರೆದದ್ದೂ ಹಂತಹಂತವಾಗಿಯೇ. ಶೇರುಗಳ ಮೇಲಿನ ನಿಷೇಧವು 1995ರಲ್ಲಿ ಹೋಯಿತು. ರಾಷ್ಟ್ರೀಯ ಶೇರು ಪೇಟೆಯಲ್ಲಿ ಸೂಚ್ಯಂಕದ ಆಪ್ಶನ್ ವ್ಯಾಪಾರವು ಜೂನ್ 2001ರಲ್ಲಿ ಮೊದಲಾಯಿತು. ಸರಕಿನ ಪೇಟೆಯಲ್ಲಿ ಚಿನ್ನದ ಆಪ್ಶನ್ 2017ರ ಅಕ್ಟೋಬರದಲ್ಲಿಯೂ, ಒಕ್ಕಲುತನದ ಹುಟ್ಟುವಳಿಯಾದ ಗವಾರ ಬೀಜದ ಆಪ್ಶನ್ 2018ರ ಜನೆವರಿಯಲ್ಲಿಯೂ ಬಂದುವು.

ನಿಷೇಧವೂ ಬಂದಿತು, ಅನುಮತಿಯೂ ಬಂದಿತು. ಎರಡರ ನಡುವೆ ಬರಬೇಕಾಗಿದ್ದ ಶಿಕ್ಷಣವೊಂದು ಬರಲಿಲ್ಲ. ಇದೇ ನಮ್ಮ ವ್ಯಥೆ.

ಒಂದು ಪೆಂಟೆ ಬೆಲ್ಲದ ಲೆಕ್ಕ

ಬೆಳಗಲಿಯ ನೆರೆಯ ಮಹಾಲಿಂಗಪುರದ ಬೆಲ್ಲದ ಪೇಟೆಯನ್ನು ಅರಿಯದವರು ಈ ಸೀಮೆಯಲ್ಲಿ ಇಲ್ಲ. ಅಲ್ಲಿ ಇಂದು ಇಂಥ ಕರಾರನ್ನು ಮಾರುವವರಿಲ್ಲ. ಲೆಕ್ಕ ತಿಳಿಯುವುದಕ್ಕಾಗಿ ಇದೆಯೆಂದು ಕಲ್ಪಿಸಿಕೊಳ್ಳುವ. ಕ್ವಿಂಟಲ್ ಬೆಲ್ಲದ ಧಾರಣೆ ಇಂದು 4,000 ರೂಪಾಯಿ ಎನ್ನಿರಿ. ಒಂದು ತಿಂಗಳ ಮೇಲೆ ಅದು ನೂರಕ್ಕೆ ಹತ್ತು ಏರಿ 4,400 ಆಗಬಹುದು, ಇಲ್ಲವೆ ನೂರಕ್ಕೆ ಹತ್ತು ಇಳಿದು 3,600 ಆಗಬಹುದು, ಮೂರನೆಯದು ಇಲ್ಲ. ರೈತನಿಗೆ ಗಾಣ ನಡೆಯುವ ಮುಂಚೆಯೇ 4,000ದ ದರವನ್ನು ಭದ್ರ ಮಾಡಿಕೊಳ್ಳಬೇಕಾಗಿದೆ. ಆದ್ದರಿಂದ ತಿಂಗಳ ಕೊನೆಗೆ 4,000ಕ್ಕೆ ಮಾರುವ ಹಕ್ಕನ್ನು, ಅಂದರೆ ಒಂದು ಮಂದಿಯನ್ನು, ಒಬ್ಬ ವ್ಯಾಪಾರಿಯಿಂದ ಕೊಳ್ಳುತ್ತಾನೆ. ಧಾರಣೆ ಏರಿದರೆ ಹಕ್ಕು ವ್ಯರ್ಥ; ಇಳಿದರೆ ರೈತನಿಗೆ 400 ರೂಪಾಯಿ ಬರಬೇಕು. ಈ ಹಕ್ಕಿನ ಬೆಲೆ ಎಷ್ಟು?

ಸದ್ಯಕ್ಕೆ ಬಡ್ಡಿಯನ್ನು ಬದಿಗಿಡುವ. ವ್ಯಾಪಾರಿಯು ರೈತನಿಂದ 200 ರೂಪಾಯಿ ಪಡೆಯುತ್ತಾನೆ; ಕೂಡಲೆ ವಾಯಿದೆ ಪೇಟೆಯಲ್ಲಿ ಅರ್ಧ ಕ್ವಿಂಟಲ್ ಬೆಲ್ಲವನ್ನು 4,000ದ ದರದಂತೆ 2,000 ರೂಪಾಯಿಗೆ ಮಾರಿಡುತ್ತಾನೆ. ಧಾರಣೆ 4,400 ಆಯಿತೆ? ಅರ್ಧ ಕ್ವಿಂಟಲಿಗೆ 2,200 ತೆರಬೇಕಾಗಿ ಅವನಿಗೆ 200 ನಷ್ಟ, ರೈತನಿಂದ ಪಡೆದ 200 ಅದನ್ನು ತುಂಬುತ್ತದೆ, ರೈತನೇನೂ ಕೇಳುವುದಿಲ್ಲ, ಲೆಕ್ಕ ಚುಕ್ತಾ. ಧಾರಣೆ 3,600 ಆಯಿತೆ? ಅರ್ಧ ಕ್ವಿಂಟಲು 1,800ಕ್ಕೆ ಸಿಕ್ಕಿ ಅವನಿಗೆ 200 ಲಾಭ. ಮೊದಲಿನ 200 ಸೇರಿ 400. ರೈತನಿಗೆ ಕೊಡಬೇಕಾದದ್ದೂ ಸರಿಯಾಗಿ 400. ಮತ್ತೂ ಲೆಕ್ಕ ಚುಕ್ತಾ. ಪೇಟೆ ಏರಲಿ, ಇಳಿಯಲಿ, ವ್ಯಾಪಾರಿಗೆ ಭಯವಿಲ್ಲ. ಆದಕಾರಣ 200 ರೂಪಾಯಿಯೇ ನ್ಯಾಯದ ಬೆಲೆ. ಅವನು 300 ಕೇಳಿದರೆ ನೂರು ರೂಪಾಯಿ ನಿರಾಯಾಸ ಲಾಭ. 100ಕ್ಕೆ ಕೊಟ್ಟರೆ ಅವನಿಗೆ ಅಷ್ಟೇ ನಷ್ಟ.

ಈ ಲೆಕ್ಕದಲ್ಲಿ ಸೋಜಿಗದ ಮಾತೊಂದಿದೆ. ಧಾರಣೆ ಏರುವ ಸಂಭವವೆಷ್ಟು, ಇಳಿಯುವ ಸಂಭವವೆಷ್ಟು ಎಂದು ನಾವು ಎಲ್ಲಿಯೂ ಕೇಳಲಿಲ್ಲ. ಇಳಿದೇ ಇಳಿಯುತ್ತದೆಂದು ಊರೆಲ್ಲ ನಂಬಿದ್ದರೂ ಬೆಲೆ 200ರಿಂದ ಕದಲುವುದಿಲ್ಲ. ಯಾಕಂದರೆ ವ್ಯಾಪಾರಿಯ ರಕ್ಷಣೆಯು ಭವಿಷ್ಯ ನುಡಿಯುವುದರಲ್ಲಿಲ್ಲ, ಅರ್ಧ ಕ್ವಿಂಟಲನ್ನು ಮಾರಿಡುವುದರಲ್ಲಿದೆ. ಪೇಟೆ ಎತ್ತ ಹೋಗುವುದೆಂದು ಹೇಳುವ ಜ್ಯೋತಿಷಿಗಳಿಗೆ ಹಣ ಕೊಡುವ ತರುಣರು ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟರೆ ಸಾಕು. ಕರಾರಿನ ಬೆಲೆಯನ್ನು ನಿರ್ಣಯಿಸುವುದು ಪೇಟೆಯ ದಿಕ್ಕಲ್ಲ, ಅದರ ಏರಿಳಿತದ ಪ್ರಮಾಣ. ನೂರಕ್ಕೆ ಹತ್ತರ ಬದಲು ಇಪ್ಪತ್ತರ ಏರಿಳಿತವಿದ್ದರೆ ಇದೇ ಹಕ್ಕಿನ ಬೆಲೆ 400 ಆಗುತ್ತದೆ.

ಗುರು, ಲಘು ಮತ್ತು ಪ್ರಸ್ತಾರ

ಒಂದು ತಿಂಗಳಿಗೆ ಒಂದೇ ಮೆಟ್ಟಿಲಿನ ಲೆಕ್ಕವು ಒರಟು. ಮುದ್ದತು ಮೂರು ತಿಂಗಳಾದರೆ ಮೂರು ಮೆಟ್ಟಿಲು ಬೇಕು. ಇಲ್ಲಿ ನಾವು ಪಾಠಶಾಲೆಯಲ್ಲಿ ಕಲಿತ ಛಂದಸ್ಸಿನ ಪಾಠವು ಅಕಸ್ಮಾತ್ತಾಗಿ ಒದಗಿ ಬರುತ್ತದೆ. ಏರಿಕೆಯನ್ನು ಗುರು ಎನ್ನಿರಿ, ಇಳಿಕೆಯನ್ನು ಲಘು ಎನ್ನಿರಿ. ಮೂರು ತಿಂಗಳ ಏರಿಳಿತಗಳು ಮೂರಕ್ಷರದ ಗಣಗಳಾಗುತ್ತವೆ; ಅವು ಎಂಟಕ್ಕೆ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ: ಯ, ಮ, ತ, ರ, ಜ, ಭ, ನ, ಸ. ಮೂರೂ ಲಘುವಾದ ನಗಣದಲ್ಲಿ 4,000ದ ಬೆಲ್ಲವು 2,916ಕ್ಕೆ ಇಳಿಯುತ್ತದೆ. ಮೂರೂ ಗುರುವಾದ ಮಗಣದಲ್ಲಿ 5,324ಕ್ಕೆ ಏರುತ್ತದೆ. ಒಂದೇ ಗುರುವುಳ್ಳ ಭ, ಜ, ಸ ಗಣಗಳ ದಾರಿಗಳು ಬೇರೆಬೇರೆ. ಮುಟ್ಟುವ ಧಾರಣೆ ಮಾತ್ರ ಒಂದೇ, 3,564. ಎರಡು ಗುರುಗಳುಳ್ಳ ಯ, ರ, ತ ಗಣಗಳೂ ಒಂದೇ ಕಡೆ, 4,356ಕ್ಕೆ, ಸೇರುತ್ತವೆ. ಹೀಗೆ ಎಂಟು ದಾರಿಗಳು 1, 3, 3, 1 ಎಂದು ನಾಲ್ಕು ಕೊನೆಗಳಲ್ಲಿ ಕೂಡುತ್ತವೆ. 4,000ಕ್ಕೆ ಮಾರುವ ಹಕ್ಕುಳ್ಳವನಿಗೆ ನಗಣದಲ್ಲಿ 1,084, ಭ-ಜ-ಸಗಳಲ್ಲಿ 436ರಂತೆ ದೊರೆಯುತ್ತದೆ. ಉಳಿದ ನಾಲ್ಕರಲ್ಲಿ ಸೊನ್ನೆ. ಎಲ್ಲವನ್ನೂ ಕೂಡಿಸಿ ಎಂಟರಿಂದ ಭಾಗಿಸಿದರೆ 299 ರೂಪಾಯಿ. ಮೂರು ತಿಂಗಳ ಮಂದಿಯ ಬೆಲೆ ಇದೇ.

ಈ 1, 3, 3, 1 ಎಂಬ ಸಾಲು ಮೇರುಪ್ರಸ್ತಾರದ ಸಾಲು. ಪಿಂಗಳನ ಛಂದಸ್ಸೂತ್ರಕ್ಕೆ ಹಲಾಯುಧನು ಬರೆದ ವ್ಯಾಖ್ಯಾನದಲ್ಲಿ ಇದರ ರಚನೆಯ ವಿವರಣೆಯಿದೆ. ಆ ಹಲಾಯುಧನು ರನ್ನನ ಶತಮಾನದವನೇ. ಅವನಿಗಿಂತ ನೂರು ವರುಷ ಮುಂಚೆ, ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಇಷ್ಟು ವಸ್ತುಗಳಿಂದ ಇಷ್ಟನ್ನು ಎಷ್ಟು ಬಗೆಯಾಗಿ ಆರಿಸಬಹುದೆಂಬುದಕ್ಕೆ ಸಾಮಾನ್ಯ ಸೂತ್ರವನ್ನೇ ಕೊಟ್ಟಿದ್ದಾನೆ. ಆಪ್ಶನ್‌ಗಳಿಗೆ ಬೆಲೆ ಕಟ್ಟುವ ವಿದ್ಯೆಯನ್ನು ನಮ್ಮ ಪೂರ್ವಿಕರು ಬಲ್ಲವರಾಗಿದ್ದರೆಂದು ಜಂಬ ಕೊಚ್ಚುವುದಕ್ಕಾಗಿ ನಾವು ಇದನ್ನು ಬರೆಯುತ್ತಿಲ್ಲ. ಅವರು ಹಾಗೆ ಬಲ್ಲವರಾಗಿರಲಿಲ್ಲ. ಈ ಕವಲುಮರದ ಲೆಕ್ಕವನ್ನು ಆಪ್ಶನ್‌ಗಳಿಗೆ ಹೊಂದಿಸಿ 1979ರಲ್ಲಿ ಪ್ರಕಟಿಸಿದವರು ಅಮೇರಿಕೆಯ ಕಾಕ್ಸ್, ರಾಸ್ ಮತ್ತು ರುಬಿನ್‌ಸ್ಟೈನ್ ಎಂಬ ವಿದ್ವಾಂಸರು. ಆದರೆ ಅದಕ್ಕೆ ಬೇಕಾದ ಎಣಿಕೆಯು ಕನ್ನಡಿಗನಿಗೆ ಪರಕೀಯವಲ್ಲ. ಷಟ್ಪದಿಗೆ ಗಣ ಹಾಕಬಲ್ಲ ಹುಡುಗನು ಇದನ್ನೂ ಮಾಡಬಲ್ಲನು. ಇಷ್ಟೇ ನಮ್ಮ ಅಭಿಪ್ರಾಯವು.

ಸೂತ್ರವಿದ್ದೂ ಲೆಕ್ಕವೇಕೆ?

ಮೆಟ್ಟಿಲುಗಳನ್ನು ಸಣ್ಣದಾಗಿ ಕಡಿದಷ್ಟೂ ಲೆಕ್ಕವು ನಿಜಕ್ಕೆ ಹತ್ತಿರವಾಗುತ್ತದೆ. ಏರಿಳಿತವು ಕಾಲದ ವರ್ಗಮೂಲದಂತೆ ಬೆಳೆಯುತ್ತದೆ. ನಾಲ್ಕು ಪಟ್ಟು ಕಾಲಕ್ಕೆ ಎರಡು ಪಟ್ಟು. ಆದ್ದರಿಂದ ತಿಂಗಳಿಗೆ ನೂರಕ್ಕೆ ಹತ್ತಾದರೆ ದಿನಕ್ಕೆ ಸುಮಾರು 1.8. ಒಂದು ತಿಂಗಳನ್ನು 30 ದಿನಗಳ ಮೆಟ್ಟಿಲುಗಳಾಗಿ ಕಡಿದರೆ ದಾರಿಗಳು 107 ಕೋಟಿಗೂ ಮೀರುತ್ತವೆ. ಆದರೆ ದಾರಿಗಳು ಕೂಡಿಕೊಳ್ಳುವುದರಿಂದ ಎಣಿಸಬೇಕಾದ ಗಂಟುಗಳು 496 ಮಾತ್ರ. ಈ ಮಿತವ್ಯಯವೇ ಸಂಖ್ಯಾತ್ಮಕ ವಿಧಾನದ ಜೀವಾಳ. ಹೀಗೆ ಎಣಿಸಿದಾಗ ನಮ್ಮ ಒಂದು ತಿಂಗಳ ಮಂದಿಯ ಬೆಲೆ 200 ಅಲ್ಲ, ಸುಮಾರು 158 ಎಂದು ಬರುತ್ತದೆ. 1973ರಲ್ಲಿ ಬ್ಲ್ಯಾಕ್ ಮತ್ತು ಶೋಲ್ಸ್ ಪ್ರಕಟಿಸಿದ ಪ್ರಸಿದ್ಧ ಸೂತ್ರವು ಇದಕ್ಕೆ ಸುಮಾರು 160 ಎನ್ನುತ್ತದೆ. ಎರಡೂ ಒಂದೇ ಊರಿಗೆ ಹೋಗುವ ದಾರಿಗಳು. ಆ ವಿದ್ಯೆಗಾಗಿ ಶೋಲ್ಸ್ ಹಾಗೂ ಮರ್ಟನ್ ಅವರಿಗೆ 1997ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಗೌರವ ಸಂದಿತು. ಬ್ಲ್ಯಾಕ್ ಅವರು ಅದಕ್ಕೆ ಎರಡು ವರುಷ ಮುಂಚೆಯೇ ತೀರಿಕೊಂಡಿದ್ದರು.

ಸೂತ್ರವಿರಲು ಈ ಮರದ ಗೊಡವೆ ಏಕೆಂದು ವಾಚಕರು ಕೇಳಬಹುದು. ಸೂತ್ರವು ಉತ್ತರಿಸದ ಪ್ರಶ್ನೆಗಳಿವೆ. ಹಕ್ಕನ್ನು ಮುದ್ದತಿನ ದಿನವೇ ಚಲಾಯಿಸಬೇಕೆಂಬ ಕಟ್ಟಳೆಯಿದ್ದರೆ ಸೂತ್ರವು ಸಾಕು. ಬೇಕಾದ ದಿನ ಚಲಾಯಿಸಬಹುದಾದ ಮಂದಿಗೆ ಅಂಥ ಅಚ್ಚುಕಟ್ಟಾದ ಸೂತ್ರವಿಲ್ಲ. ಬೆಲ್ಲದ ಲೆಕ್ಕಕ್ಕೇ ಮರಳುವ. ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ ಹಿಡಿಯಿರಿ, ಮುದ್ದತು ಎರಡು ತಿಂಗಳಿರಲಿ. ಬಡ್ಡಿಯಿಂದಾಗಿ ಏರಿಕೆಯ ಪಾಲು 55, ಇಳಿಕೆಯ ಪಾಲು 45 ಎಂದಾಗುತ್ತದೆ. ಆ ಪಾಲಿನಂತೆ 4,400 ಮತ್ತು 3,600ರ ಸರಾಸರಿಯು ಬಡ್ಡಿ ಸೇರಿದ 4,040 ಆಗುವುದೇ ಅದಕ್ಕೆ ಆಧಾರ. ಎರಡು ತಿಂಗಳ ಕೊನೆಗೆ ಧಾರಣೆಗಳು 4,840, 3,960, 3,240. ಹಕ್ಕಿಗೆ ಬರುವುದು ಸೊನ್ನೆ, 40, 760. ಕೊನೆಯಿಂದ ಹಿಂದಕ್ಕೆ ಎಣಿಸುತ್ತ ಬಂದರೆ, ಮೊದಲ ತಿಂಗಳಲ್ಲಿ ಧಾರಣೆ 3,600ಕ್ಕಿಳಿದಾಗ ಕಾಯುವುದರ ಬೆಲೆ ಸುಮಾರು 360. ಆ ದಿನವೇ ಹಕ್ಕು ಚಲಾಯಿಸಿದರೆ ಕೈಗೆ ಬರುವುದು 400. ಬುದ್ಧಿವಂತನು ಕಾಯಲಾರನು. ಈ ಸ್ವಾತಂತ್ರ್ಯವಿರುವ ಹಕ್ಕಿನ ಬೆಲೆ ಇಂದು 188, ಇಲ್ಲದ್ದರದು 170. ಹದಿನೆಂಟು ರೂಪಾಯಿ ಬೇಕಾದಾಗ ಚಲಾಯಿಸುವ ಸ್ವಾತಂತ್ರ್ಯದ ಬೆಲೆ. ಪ್ರತಿಯೊಂದು ಗಂಟಿನಲ್ಲಿಯೂ ಕಾಯುವುದೋ ಚಲಾಯಿಸುವುದೋ ಎಂದು ಕೇಳುತ್ತ ಹಿಂದಕ್ಕೆ ಬರುವ ಈ ಕೆಲಸವನ್ನು ಮರವು ಸರಾಗವಾಗಿ ಮಾಡುತ್ತದೆ.

ಎರಡನೆಯ ವಿಧಾನವು ಉಷ್ಣದ ಸಮೀಕರಣದ್ದು. ಕೊಪ್ಪರಿಗೆಯ ತಳದ ಕಾವು ರಸದೊಳಗೆ ಹೇಗೆ ಹರಡುತ್ತದೆಂಬುದನ್ನು ತಿಳಿಸುವ ಸಮೀಕರಣವೂ, ಬ್ಲ್ಯಾಕ್–ಶೋಲ್ಸರ ಸಮೀಕರಣವೂ ಒಂದೇ ಕುಲದವು. ಒಂದು ಕಡೆಗೆ ಕಾಲ, ಇನ್ನೊಂದು ಕಡೆಗೆ ಧಾರಣೆ ಎಂದು ಚೌಕಳಿಯ ಕಾಗದವನ್ನು ಗೆರೆ ಹಾಕಿ, ಮುದ್ದತಿನ ದಿನದ ಸಾಲಿನಿಂದ ಇಂದಿನ ಸಾಲಿನ ವರೆಗೆ ಮನೆಮನೆಯನ್ನೂ ತುಂಬುತ್ತ ಬರುವುದು ಇದರ ಕ್ರಮ. ಬೇಕಾದ ದಿನ ಚಲಾಯಿಸಬಹುದಾದ ಮಂದಿಗಳಿಗೆ ಬ್ರೆನನ್ ಮತ್ತು ಶ್ವಾರ್ಟ್ಸ್ ಇದನ್ನು 1977ರಲ್ಲಿ ಹಚ್ಚಿ ತೋರಿಸಿದರು.

ಮೂರನೆಯದು ಮಾಂಟೆ ಕಾರ್ಲೋ ವಿಧಾನವು. ಜೂಜಿನ ಮನೆಗಳಿಗೆ ಹೆಸರಾದ ಯುರೋಪಿನ ಊರೊಂದರ ಹೆಸರು ಇದಕ್ಕೆ ಬಂದಿದೆ. ರೈತನು ಬೆಲ್ಲವನ್ನು ಒಂದೇ ದಿನ ಮಾರುವುದಿಲ್ಲ, ಹಂಗಾಮಿನುದ್ದಕ್ಕೂ ಸಾಗಿಸುತ್ತಾನೆ. ಅವನಿಗೆ ಬೇಕಾದುದು ಹಂಗಾಮಿನ ಸರಾಸರಿ ಧಾರಣೆಯ ಮೇಲಿನ ಭದ್ರತೆ. ಸರಾಸರಿಯ ಪ್ರಶ್ನೆ ಬಂದೊಡನೆ ಭ, ಜ, ಸ ಗಣಗಳು ಬೇರೆಬೇರೆಯಾಗಿ ಬಿಡುತ್ತವೆ. ಮೊದಲು ಏರಿ ಆಮೇಲೆ ಇಳಿದುದಕ್ಕೂ, ಮೊದಲು ಇಳಿದು ಆಮೇಲೆ ಏರಿದುದಕ್ಕೂ ಸರಾಸರಿ ಒಂದೇ ಆಗದು. 107 ಕೋಟಿ ದಾರಿಗಳನ್ನು ಎಣಿಸುವವರಾರು? ಆಗ ಗಣಕಯಂತ್ರದಿಂದ ಕವಡೆ ಹಾಕಿಸಿದಂತೆ ಹತ್ತು ಸಾವಿರ ದಾರಿಗಳನ್ನು ಯಾದೃಚ್ಛಿಕವಾಗಿ ಆರಿಸಿ, ಪ್ರತಿಯೊಂದರ ಫಲವನ್ನೂ ಕಂಡು, ಸರಾಸರಿ ತೆಗೆಯುತ್ತಾರೆ. ಆಪ್ಶನ್‌ಗಳಿಗೆ ಇದನ್ನು 1977ರಲ್ಲಿ ತಂದವರು ಫೆಲಿಮ್ ಬಾಯ್ಲ್ ಎಂಬವರು. ಇದರ ದೋಷವೊಂದೇ: ತಪ್ಪನ್ನು ಹತ್ತರಲ್ಲೊಂದು ಪಾಲಿಗೆ ಇಳಿಸಬೇಕಾದರೆ ದಾರಿಗಳನ್ನು ನೂರು ಪಟ್ಟು ಹೆಚ್ಚಿಸಬೇಕು. ಯಂತ್ರಕ್ಕೆ ದಣಿವಿಲ್ಲವಾದುದರಿಂದ ಅದು ನಡೆಯುತ್ತದೆ.

ಯಂತ್ರವಿಲ್ಲದವನಿಗೂ ಒಂದು ಬೆರಳೆಣಿಕೆಯಿದೆ. ಇಂದಿನ ಧಾರಣೆಗೇ ಕೊಳ್ಳುವ ಅಥವಾ ಮಾರುವ ಅಲ್ಪಾವಧಿಯ ಹಕ್ಕಿನ ಬೆಲೆಯು, ಬಡ್ಡಿಯನ್ನು ಬಿಟ್ಟರೆ, ಸರಕಿನ ಬೆಲೆಯನ್ನು ಆ ಮುದ್ದತಿನ ಏರಿಳಿತದಿಂದ ಗುಣಿಸಿ ಅದರಲ್ಲಿ ಹತ್ತರಲ್ಲಿ ನಾಲ್ಕು ಪಾಲು ತೆಗೆದಷ್ಟು. 4,000ಕ್ಕೆ ನೂರಕ್ಕೆ ಹತ್ತು 400. ಅದರ ಹತ್ತರಲ್ಲಿ ನಾಲ್ಕು 160. ಈಗ ಯಾರಾದರೂ ಇದೇ ಹಕ್ಕಿಗೆ 300 ಕೇಳಿದರೆ, ತಿರುವಿ ಎಣಿಸಿರಿ: ಅವನು ನೂರಕ್ಕೆ ಸುಮಾರು 19ರ ಏರಿಳಿತವನ್ನು ಲೆಕ್ಕ ಹಿಡಿದಿದ್ದಾನೆ. ಅಷ್ಟು ಏರಿಳಿತ ನಿಜವಾಗಿ ಆಗುವುದೆಂದು ನಿಮಗೆ ನಂಬುಗೆಯಿದ್ದರೆ ಕೊಳ್ಳಿರಿ, ಇಲ್ಲವಾದರೆ ಬಿಡಿರಿ. ಈ ಒಂದು ಪ್ರಶ್ನೆಯನ್ನು ಕೇಳಿಕೊಳ್ಳದೆ ಆಪ್ಶನ್ ಕೊಳ್ಳುವುದು ಕಣ್ಣು ಕಟ್ಟಿಕೊಂಡು ಸವಾಲಿನಲ್ಲಿ ಕೂಗಿದಂತೆಯೇ ಸರಿ.

ಲೆಕ್ಕದ ಮಿತಿ

ಲೆಕ್ಕವನ್ನು ಹೊಗಳುವ ಭರದಲ್ಲಿ ಅದರ ಮಿತಿಯನ್ನು ಮರೆಸುವುದು ಪತ್ರಿಕಾಧರ್ಮವಲ್ಲ. ಧಾರಣೆಯು ಸಣ್ಣ ಮೆಟ್ಟಿಲುಗಳಲ್ಲಿ ಏರಿ ಇಳಿಯುತ್ತದೆಂದು ಲೆಕ್ಕವು ನಂಬುತ್ತದೆ. ಪೇಟೆಯು ಒಮ್ಮೊಮ್ಮೆ ಮೆಟ್ಟಿಲನ್ನೇ ಹಾರಿ ಪ್ರಪಾತಕ್ಕೆ ಬೀಳುತ್ತದೆ. 19 ಅಕ್ಟೋಬರ 1987ರಂದು ಅಮೇರಿಕೆಯ ಡೌ ಸೂಚ್ಯಂಕವು ಒಂದೇ ದಿನದಲ್ಲಿ ನೂರಕ್ಕೆ 22ಕ್ಕೂ ಹೆಚ್ಚು ಕುಸಿಯಿತು. ಶೋಲ್ಸ್ ಹಾಗೂ ಮರ್ಟನ್ ಪಾಲುಗೊಂಡಿದ್ದ ಹೂಡಿಕೆ ಸಂಸ್ಥೆಯೇ ನೊಬೆಲ್ ಗೌರವದ ಮರುವರುಷ, 1998ರಲ್ಲಿ, ಮುಳುಗುವ ಸ್ಥಿತಿಗೆ ಬಂದು ದೊಡ್ಡ ಬ್ಯಾಂಕುಗಳು ಕೈಹಿಡಿಯಬೇಕಾಯಿತು. ಏರಿಳಿತದ ಪ್ರಮಾಣವು ನಿನ್ನೆಯಂತೆ ನಾಳೆಯೂ ಇರುವುದೆಂಬ ಭರವಸೆಯಿಲ್ಲ. ಕರಾರು ಕೊಟ್ಟವನು ಮುದ್ದತಿಗೆ ಹಣ ಕೊಡುವನೆಂಬ ಭರವಸೆಯೂ ತಾನಾಗಿಯೇ ಬರುವುದಿಲ್ಲ. ಅದಕ್ಕಾಗಿಯೇ ಪೇಟೆಯವರು ಕರಾರು ಮಾರುವವನಿಂದ ಮುಂಚಿತವಾಗಿ ಠೇವು ಕಟ್ಟಿಸಿಕೊಳ್ಳುತ್ತಾರೆ.

ಸರಕಾರವೂ ಮಂದಿ ಮಾರುತ್ತದೆ

ಇಷ್ಟೆಲ್ಲ ಹೇಳಿ ನಾವು ಬರಬೇಕಾಗಿದ್ದ ಮಾತಿಗೆ ಈಗ ಬಂದಿದ್ದೇವೆ. ರೈತನಿಗೆ ಗೊತ್ತಾದ ಕನಿಷ್ಠ ದರವನ್ನು ಕೊಡುವೆವೆಂಬ ಪ್ರತಿಯೊಂದು ಭರವಸೆಯೂ ಲೆಕ್ಕದ ಕಣ್ಣಿಗೆ ಒಂದು ಮಂದಿಯೇ. ಧಾರಣೆ ಮೇಲಿದ್ದರೆ ರೈತನು ಪೇಟೆಯಲ್ಲಿ ಮಾರುತ್ತಾನೆ. ಕೆಳಗಿದ್ದರೆ ಭರವಸೆಯನ್ನು ಚಲಾಯಿಸುತ್ತಾನೆ. 2025-26ರ ಹಂಗಾಮಿಗೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ ಎಂದು ಗೊತ್ತಾಯಿತು. ಅದೇ ಹಂಗಾಮಿನಲ್ಲಿ ನಮ್ಮ ನಾಡಿನ ಪೇಟೆಗಳಲ್ಲಿ ಧಾರಣೆಯು ಅದಕ್ಕಿಂತ ಬಹಳ ಕೆಳಗೆ ಬಿದ್ದಿತು. ಖರೀದಿಯ ಕೇಂದ್ರವು ಕಾಲಕ್ಕೆ ತೆರೆಯದಿದ್ದರೆ ಬೆಂಬಲ ಬೆಲೆಯೆಂಬುದು ಮಾರಿದವನಿಲ್ಲದ ಕರಾರು. 2017ರಲ್ಲಿ ಮಧ್ಯಪ್ರದೇಶದ ಸರಕಾರವು ಭಾವಾಂತರ ಯೋಜನೆಯಲ್ಲಿ ಬೆಂಬಲ ಬೆಲೆಗೂ ಪೇಟೆಯ ಸರಾಸರಿ ಧಾರಣೆಗೂ ಇರುವ ಅಂತರವನ್ನು ಹಣವಾಗಿ ಕೊಡಹೊರಟಿತು. ಅದು ನಾವು ಮೇಲೆ ಹೇಳಿದ ಸರಾಸರಿಯ ಮಂದಿಯ ಜಾತಿಯದೇ.

ಕಬ್ಬಿನ ಮಾತು ನಮ್ಮ ಸೀಮೆಗೆ ಇನ್ನೂ ಹತ್ತಿರದ್ದು. 1966ರ ಕಬ್ಬು ನಿಯಂತ್ರಣ ಆಜ್ಞೆಯ ಮೇರೆಗೆ ಕೇಂದ್ರ ಸರಕಾರವು ನ್ಯಾಯಸಮ್ಮತ ದರವನ್ನು ಗೊತ್ತುಪಡಿಸುತ್ತದೆ; 2025-26ಕ್ಕೆ ನೂರಕ್ಕೆ 10.25ರ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ. ಈ ಭರವಸೆಯನ್ನು ಕೊಡುವವರು ಒಬ್ಬರು, ನಡೆಯಿಸಬೇಕಾದವರು ಇನ್ನೊಬ್ಬರು. ಹದಿನಾಲ್ಕು ದಿನಗಳೊಳಗೆ ಹಣ ಸಲ್ಲಬೇಕು, ತಡವಾದರೆ ನೂರಕ್ಕೆ 15ರ ಬಡ್ಡಿ ಸಲ್ಲಬೇಕು ಎಂದು ಆಜ್ಞೆಯಲ್ಲಿದೆ. ಆದರೆ ಪೇಟೆಯ ಕರಾರಿನಲ್ಲಿರುವಂತೆ ಮೊದಲೇ ಕಟ್ಟಿಟ್ಟ ಠೇವು ಇಲ್ಲಿಲ್ಲ. ನವೆಂಬರ 2025ರಲ್ಲಿ ಗುರ್ಲಾಪುರದ ಕೂಡುರಸ್ತೆಯಲ್ಲಿ ಟನ್ನಿಗೆ 3,500 ರೂಪಾಯಿ ಬೇಡಿ ರೈತರು ಕುಳಿತುದನ್ನೂ, 7ನೆಯ ತಾರೀಖು ರಾಜ್ಯ ಸರಕಾರವು 3,300 ಎಂದು ನಿರ್ಣಯಿಸಿದುದನ್ನೂ, ಅದಾಗಿ ಒಂದು ವಾರದೊಳಗೆ ಮುಧೋಳ ಸೀಮೆಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಉರಿದುದನ್ನೂ ವಾಚಕರು ಮರೆತಿರಲಾರರು. ಬೆಂಕಿಯನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಎರಡು ನೂರು ರೂಪಾಯಿಗಳ ಆ ಅಂತರದ ಸುತ್ತ ನಡೆದ ವಾದದಲ್ಲಿ ಕೂಗು ಬಹಳವಿತ್ತು, ಲೆಕ್ಕ ಕಡಿಮೆಯಿತ್ತು. ಕನಿಷ್ಠ ದರವನ್ನು ನೂರು ರೂಪಾಯಿ ಮೇಲಕ್ಕೇರಿಸಿದರೆ ಆ ಭರವಸೆಯ ಬೆಲೆ ಎಷ್ಟು ಹೆಚ್ಚಾಗುತ್ತದೆ, ಸಕ್ಕರೆಯ ಧಾರಣೆಯ ಏರಿಳಿತವನ್ನು ನೋಡಿದರೆ ಅದನ್ನು ಹೊರುವ ಶಕ್ತಿ ಯಾರಿಗಿದೆ, ಕಾರಖಾನೆಯ ಪಾಲೆಷ್ಟು, ಬೊಕ್ಕಸದ ಪಾಲೆಷ್ಟು ಎಂಬುದು ಮೇಲೆ ಹೇಳಿದ ವಿಧಾನಗಳಿಂದಲೇ ಮುಂಗಡವಾಗಿ ಎಣಿಸಬಹುದಾದ ಸಂಗತಿ. ಎಣಿಸಿ ಮೇಜಿನ ಮೇಲಿಟ್ಟಿದ್ದರೆ ರಸ್ತೆಯ ಮೇಲೆ ಕೂಡುವ ಪ್ರಸಂಗ ಬಾರದಿರಬಹುದಿತ್ತು.

ಆದಕಾರಣ ನಾವು ಮೂರು ಮಾತುಗಳನ್ನು ಸೂಚಿಸುತ್ತೇವೆ. ಸರಕಾರವು ಬೆಲೆಯ ಭರವಸೆಯನ್ನು ಸಾರುವಾಗಲೆಲ್ಲ ಅದರ ಎಣಿಸಿದ ಬೆಲೆಯನ್ನು ಆಯವ್ಯಯ ಪತ್ರದಲ್ಲಿ ಅಚ್ಚು ಹಾಕಿ, ಅಷ್ಟು ಹಣವನ್ನು ತೆಗೆದಿಡಬೇಕು. ಠೇವಿಲ್ಲದ ಭರವಸೆಯು ಭಾಷಣವೇ ಹೊರತು ಕರಾರಲ್ಲ. ಎರಡನೆಯದಾಗಿ, ಎಲ್ಲಿ ಒಕ್ಕಲುತನದ ಸರಕಿನ ಆಪ್ಶನ್ ನಿಜವಾಗಿ ದೊರೆಯುವುದೋ ಅಲ್ಲಿ ಸಹಕಾರಿ ಸಂಘಗಳು ಸದಸ್ಯರ ಪರವಾಗಿ ಒಟ್ಟಾಗಿ ಮಂದಿ ಕೊಳ್ಳಬೇಕು. ಯಾಕಂದರೆ ಒಂದೊಂದು ಕರಾರಿನ ಗಾತ್ರವು ಒಂಟಿ ರೈತನ ಬೆಳೆಗಿಂತ ದೊಡ್ಡದಾಗಿರುತ್ತದೆ. ಮೆಕ್ಸಿಕೋ ದೇಶದಲ್ಲಿ ರೈತರ ಮಂದಿಯ ಪ್ರೀಮಿಯಂನಲ್ಲಿ ಪಾಲನ್ನು ಸರಕಾರವೇ ತೆತ್ತ ಉದಾಹರಣೆಯಿದೆ. ಮೂರನೆಯದಾಗಿ, ಈ ಲೆಕ್ಕವನ್ನು ನಮ್ಮ ಕಾಲೇಜುಗಳಲ್ಲಿ ಕನ್ನಡದಲ್ಲಿ ಕಲಿಸಬೇಕು. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು ವ್ಯವಹಾರಗಣಿತವೆಂಬ ಗ್ರಂಥವನ್ನು ಕನ್ನಡದಲ್ಲಿ ಬರೆದನು. ವ್ಯಾಪಾರಿಯ ಲೆಕ್ಕವು ವ್ಯಾಪಾರಿಯ ನುಡಿಯಲ್ಲಿರಬೇಕೆಂಬ ತಿಳಿವು ಅವನಿಗಿತ್ತು. ಅವನ ವಂಶದವರಾದ ನಾವು ಇಂದಿನ ವ್ಯವಹಾರಗಣಿತವನ್ನು ಇಂಗ್ಲಿಷ್ ಬಲ್ಲ ಕೆಲವರ ಕೈಗೆ ಬಿಟ್ಟು, ಅದೇ ಪೇಟೆಯಲ್ಲಿ ನಮ್ಮ ಮಕ್ಕಳನ್ನು ಬರಿಗೈಯಿಂದ ಇಳಿಸಿದ್ದೇವೆ.

ತರುಣರಿಗೆ ಕೊನೆಯದೊಂದು ಮಾತು. ಆಪ್ಶನ್ ವ್ಯಾಪಾರವು ಪಾಪವೆಂದು ನಾವು ಹೇಳುವುದಿಲ್ಲ. ಬೆಳೆಗೆ ಭದ್ರತೆ ಹುಡುಕುವವನಿಗೆ ಅದು ಒಳ್ಳೆಯ ಆಯುಧವಾಗಬಲ್ಲದು. ಕೊಳ್ಳುವ ಮುಂಚೆ ಒಂದು ಹಾಳೆ, ಒಂದು ಪೆನ್ಸಿಲು ಹಿಡಿದು ಒಂದು ಮೆಟ್ಟಿಲಿನ ಮರವನ್ನಾದರೂ ಬರೆಯಿರಿ. ಬರೆಯಲು ಬಾರದಿದ್ದರೆ ಆ ಹಣವನ್ನು ಹೊಲಕ್ಕೆ ಹಾಕಿರಿ. ಬಳೆಗಾರರ ಮಗನಾದ ರನ್ನನು ಬಳೆಯ ಮಲಾರವನ್ನಿಳಿಸಿ ವಿದ್ಯೆಯನ್ನರಸಿ ಊರು ಬಿಟ್ಟು ಹೋದನು. ಇಂದು ಬೆಳಗಲಿಯ ಹುಡುಗನಿಗೆ ಅಷ್ಟು ದೂರ ಹೋಗುವ ಪ್ರಮೇಯವಿಲ್ಲ. ಲೆಕ್ಕವು ಮನೆಯ ಬಾಗಿಲಿಗೆ ಬಂದಿದೆ. ಅದನ್ನು ಒಳಕ್ಕೆ ಕರೆದುಕೊಳ್ಳುವ ಕೆಲಸ ಮಾತ್ರ ಉಳಿದಿದೆ.